ಸಾರಿಸಿದಷ್ಟೂ ವಾಸನೆ

ಸೋಮಮ್ಮನ ಮೂಗಿಗೆ ಊರಲ್ಲೇ ಹೆಸರಿತ್ತು. ನಾಲ್ಕು ಮನೆ ಆಚೆ ಯಾರ ಸಾರು ತಳ ಹಿಡಿದರೂ ತನ್ನ ಜಗಲಿಯಿಂದಲೇ ಕೂಗಿ ಎಚ್ಚರಿಸುತ್ತಿದ್ದಳು. ಅಂಥವಳ ಮನೆಯ ಹಿಂದಿನ ಕೋಣೆಯಲ್ಲೇ ಗಂಡ ಹೊನ್ನಪ್ಪ ಎರಡು ವರ್ಷ ಕಳ್ಳಭಟ್ಟಿ ಇಳಿಸಿದ. ಅವಳಿಗೆ ಗೊತ್ತೇ ಇರಲಿಲ್ಲ ಅಂದರೆ ಯಾರು ನಂಬುತ್ತಾರೆ? ಗೊತ್ತಿತ್ತು. ಬೈದಳು, ಅತ್ತಳು, ಪಾಂಡವಪುರದ ಕಡೆಯ ತವರಿಗೆ ಹೋಗಿ ಮುನಿಸಿಕೊಂಡು ಕೂತಳು. ಕರೆಯಲು ಬಂದ ಗಂಡನ ಹಿಂದೆ ವಾಪಸು ಬಂದು, ಆ ಕೋಣೆಯ ಕಡೆ ಮುಖ ಹಾಕದೆ ಸಂಸಾರ ಮಾಡಿದಳು.

ಕೃಷ್ಣರಾಜಪೇಟೆಯಿಂದ ಹೊಸಹೊಳಲು ದಾಟಿ ಸ್ವಲ್ಪ ದೂರ ನಡೆದರೆ ಸಿಗುವ ಊರು ಅದು. ಕಬ್ಬಿಗೂ ಕೊರತೆಯಿಲ್ಲ, ಬೆಲ್ಲಕ್ಕೂ ಕೊರತೆಯಿಲ್ಲ. ಸರ್ಕಾರ ಪಾನನಿರೋಧ ತಂದು ಹೆಂಡದಂಗಡಿಗೆ ಬೀಗ ಹಾಕಿಸಿದ ಮೇಲೆ ಕುಡಿಯುವವರೇನು ಕುಡಿಯುವುದನ್ನು ಬಿಡಲಿಲ್ಲ, ಕುಡಿಯುವ ಜಾಗ ಬದಲಾಯಿಸಿದರು, ಅಷ್ಟೆ. ಬೆಲ್ಲ, ಜಾಲಿ ಚಕ್ಕೆ, ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ, ಇವಿಷ್ಟನ್ನು ನೀರಲ್ಲಿ ಕಲೆಸಿ ಗುಡಾಣಕ್ಕೆ ತುಂಬಿ ನೆಲದಲ್ಲಿ ಹೂತರೆ ಕೊಳೆತು ನೊರೆ ಏಳುತ್ತದೆ. ಅದಕ್ಕೆ ಬೆಲ್ಲದ ಕೊಳೆ ಅನ್ನುವುದು. ಅದನ್ನು ಕಾಯಿಸಿ ಹಬೆ ಹಿಡಿದರೆ ಸಾರಾಯಿ. ವಾಸನೆಯೋ, ಒಂದು ಕಡೆ ಹುಳಿ, ಒಂದು ಕಡೆ ಸಿಹಿ, ಮೂಗಿನೊಳಗೆ ಚಾಪೆ ಹಾಸಿಕೊಂಡು ಮಲಗಿಬಿಡುವಂಥದ್ದು.

ಒಬ್ಬಳೇ ಮಗಳು ಇಂದ್ರಮ್ಮ ನಾಗಮಂಗಲದ ಕಡೆಗೆ ಮದುವೆಯಾಗಿ ಹೋಗಿದ್ದಳು. ಅವಳು ಚೊಚ್ಚಲ ಹೆರಿಗೆಗೆ ಬರುವ ಮೊದಲೇ ಸೋಮಮ್ಮ ಗಂಡನಿಗೆ ಖಡಾಖಂಡಿತ ಹೇಳಿದ್ದಳು, ಬಾಣಂತನ ಮುಗಿಯುವವರೆಗೆ ಒಲೆ ಹಚ್ಚಕೂಡದು ಎಂದು. ಹೊನ್ನಪ್ಪ ಹಚ್ಚಲೂ ಇಲ್ಲ. ಆದರೂ ಕೂಸು ಹೆಸರಿಡುವ ಮೊದಲೇ ಹೋಯಿತು. ಮೈ ನೀಲಿಗಟ್ಟಿತ್ತು, ಉಸಿರಿಗಾಗಿ ಒದ್ದಾಡಿತ್ತು. ಎದುರು ಮನೆಯ ಬೈರಮ್ಮ ಸಾವಿನ ಮನೆಗೆ ಬಂದವಳು ಅಳುವುದನ್ನು ಬಿಟ್ಟು ಗೋಡೆ ಮೂಸಿ ನೋಡಿ, "ಇಂಥ ಮನೇಲಿ ಕೂಸು ಉಳೀತದಾ?" ಅಂದುಬಿಟ್ಟಳು. ಆ ಮಾತು ಬಸ್ಸು ಹತ್ತಿ ನಾಗಮಂಗಲಕ್ಕೂ ಹೋಯಿತು.

ಅದಾದ ಮೇಲೆ ಪೊಲೀಸಿನವರು ಬಂದು ಹಂಡೆ ಒಡೆದರು, ಕೊಳೆಯನ್ನೆಲ್ಲ ಕೋಣೆಯಲ್ಲೇ ಸುರಿದರು, ಹೊನ್ನಪ್ಪನನ್ನು ಕರೆದುಕೊಂಡು ಹೋದರು. ಅವನು ಶಿಕ್ಷೆ ಮುಗಿಸಿ ಬಂದವನು ಗಡ್ಡ ಬೋಳಿಸಿಕೊಂಡು ಅಂದಾನಯ್ಯನ ಆಲೆಮನೆಗೆ ಕೂಲಿಗೆ ಸೇರಿದ. ಇನ್ನು ಆ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದ. ಊರವರು ನಕ್ಕರು. ಸೋಮಮ್ಮ ನಗಲಿಲ್ಲ, ನಂಬಲೂ ಇಲ್ಲ.

ಈಗ ಇಂದ್ರಮ್ಮ ಮತ್ತೆ ಬಸುರಿ. ಮೊದಲನೆಯದು ಕೈಗೆ ಹತ್ತದೆ ಹೋದದ್ದರಿಂದ ಇದೂ ತವರಲ್ಲೇ ಆಗಬೇಕು ಎಂದು ಹುಡುಗಿ ಹಟ ಹಿಡಿದಿದ್ದಳು. ನಾಗಮಂಗಲದಿಂದ ಬಂದ ಬಳೆಗಾರನ ಕೈಲಿ ಹೇಳಿಕಳಿಸಿದ್ದಳು: "ನಮ್ಮವ್ವ ಪಕ್ಕದಲ್ಲಿ ಇಲ್ದಿದ್ರೆ ನಾನು ಹೆರಾಕಿಲ್ಲ, ಸತ್ತೋಯ್ತೀನಿ ಅಂತ ಯೋಳು." ಅದೇ ಬಳೆಗಾರನ ಕೈಲಿ ಅವಳ ಅತ್ತೆ ದೊಡ್ಡತಾಯಮ್ಮನೂ ಹೇಳಿಕಳಿಸಿದ್ದಳು: "ನಾನೇ ಬಂದು ಮನೆ ನೋಡ್ತೀನಿ. ಒಂದೆಳೆ ವಾಸ್ನೆ ಬಂದ್ರೂ ಸೊಸೇನ ಕಳ್ಸಾಕಿಲ್ಲ." ಬಳೆಗಾರ ಎರಡನ್ನೂ ಒಂದೇ ಉಸಿರಲ್ಲಿ ಹೇಳಿ, ಮಜ್ಜಿಗೆ ಕುಡಿದು ಹೋದ.

ಸೋಮಮ್ಮ ಸೆರಗು ಕಟ್ಟಿದಳು. ಹಿಂದಿನ ಕೋಣೆಯ ಹೆಂಚು ಇಳಿಸಿ ಕಾಲುವೆಗೆ ಸಾಗಿಸಿ ತೊಳೆಸಿದಳು. ಮಸಿ ಹಿಡಿದ ತೊಲೆಗಳನ್ನು ತೆಂಗಿನ ಮಟ್ಟೆಯಿಂದ ತಿಕ್ಕಿದಳು. ಗೋಡೆಯ ಗಾರೆ ಕೆರೆದು ಮೂರು ಕೈ ಸುಣ್ಣ ಬಳಿದಳು. ಬೇವಿನ ಸೊಪ್ಪಿನ ಹೊಗೆ ಹಾಕಿದಳು, ಸಾಂಬ್ರಾಣಿ ಹಾಕಿದಳು. ಹೊನ್ನಪ್ಪ ಹೇಳಿದ್ದೆಲ್ಲ ಮಾಡಿದ. ನೆಲದ ಮಣ್ಣನ್ನು ಮೊಣಕಾಲುದ್ದ ಅಗೆದು ಹೊರಗೆ ಹಾಕಿ, ಕೆರೆಯಿಂದ ಹೊಸ ಮಣ್ಣು ತಂದು ತುಂಬಿ ದಿಮ್ಮಸೆಯಲ್ಲಿ ಬಡಿಯುವುದೆಂದು ತೀರ್ಮಾನವಾಯಿತು. ಗಂಡ ಗಾಡಿ ಕಟ್ಟಿಕೊಂಡು ಕೆರೆಗೆ ಹೋದಾಗ ಉಳಿದ ಮೂಲೆಯನ್ನು ತಾನೇ ಅಗೆಯಲು ಹೋದಳು. ಹಾರೆ ಟಣ್ ಅಂದಿತು.

ಪೊಲೀಸರ ಕಣ್ಣಿಗೆ ಬೀಳದ ಎರಡು ಗುಡಾಣ ಗೋಡೆಯ ಬುಡದಲ್ಲಿ ಕೂತಿದ್ದವು. ಬಾಯಿಗೆ ಮಣ್ಣು ಮೆತ್ತಿತ್ತು. ಒಡೆದು ನೋಡಿದರೆ ಒಳಗೆ ಗಟ್ಟಿಯಾದ ಕೊಳೆ, ಕರಗದ ಬೆಲ್ಲದ ಉಂಡೆ, ಜಾಲಿ ಚಕ್ಕೆ. ಸೋಮಮ್ಮ ಹಾರೆ ಕೆಳಗಿಟ್ಟಳು. ಮರೆತು ಉಳಿಸಿದನೋ, ಬೇಕೆಂದೇ ಉಳಿಸಿದನೋ? ಗಂಡ ಬರುವಷ್ಟರಲ್ಲಿ ಕೊಡದ ಮೇಲೆ ಕೊಡ ಹೊತ್ತು ಕೊಟ್ಟಿಗೆ ಹಿಂದಿನ ತಿಪ್ಪೆಗೆ ಸುರಿದು, ಮೇಲೆ ದಪ್ಪಗೆ ಹುಲ್ಲು ಹರಡಿದಳು. ಗುಡಾಣದ ಚೂರುಗಳನ್ನು ಹಾಳುಬಾವಿಗೆ ಎಸೆದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಬೈರಮ್ಮನ ಬಾಯಿ, ಗಂಡನಿಗೆ ಹೇಳಿದರೆ ಅವನ ಆಸೆ.

ಮಣ್ಣು ತಂದ ಹೊನ್ನಪ್ಪ ಆ ಮೂಲೆಯ ಗುಂಡಿ ನೋಡಿದ, ಅವಳ ಮುಖ ನೋಡಿದ.

"ಏನಾರ ಸಿಕ್ತಾ?"

"ಏನ್ ಸಿಕ್ಬೇಕಿತ್ತು?"

"ಏನಿಲ್ಲ ಬುಡು," ಎಂದು ಅವನು ಮಣ್ಣು ಇಳಿಸತೊಡಗಿದ. ಆ "ಏನಿಲ್ಲ ಬುಡು" ಸೋಮಮ್ಮನ ಕಿವಿಯಲ್ಲಿ ಕೂತುಬಿಟ್ಟಿತು.

ಕೆಲವು ದಿನ ಮನೆ ಹೊಸ ಮಣ್ಣು, ಸುಣ್ಣದ ವಾಸನೆಯಿಂದ ಘಮ್ಮೆಂದಿತು. ಆಮೇಲೆ ಒಂದು ಸೋಮವಾರ ನೆಲ ಸಾರಿಸಿ ಕೈ ತೊಳೆದುಕೊಂಡು ಎದ್ದರೆ, ಅದೇ ಹುಳಿ, ಅದೇ ಸಿಹಿ. ಅವಳು ನಿಂತಲ್ಲೇ ನಿಂತಳು. ಶುಕ್ರವಾರ ಇನ್ನೂ ಜೋರಾಗಿತ್ತು. ಹಿಂದಿನ ಕೋಣೆಯಲ್ಲಿ ಮಾತ್ರವಲ್ಲ, ಪಡಸಾಲೆಯಲ್ಲಿ, ನಡುಕೋಣೆಯಲ್ಲಿ, ದೇವರ ಗೂಡಿನ ಕೆಳಗೂ ಬಂತು. ಗುರುವಾರದ ಹೊತ್ತಿಗೆ ಕಡಿಮೆಯಾಗುವುದು, ಸಾರಿಸುವ ದಿನ ಮತ್ತೆ ಏಳುವುದು. ಸೋಮವಾರ, ಶುಕ್ರವಾರವೇ ಯಾಕೆ? ಯೋಚಿಸಿ ಯೋಚಿಸಿ ಅವಳಿಗೆ ಹೊಳೆದದ್ದು ಒಂದೇ: ಆಲೆಮನೆಯಿಂದ ಬೆಲ್ಲದ ಗಾಡಿ ಮಂಡ್ಯಕ್ಕೆ ಹೊರಡುವುದೂ ಆ ಎರಡು ದಿನವೇ. ಬೆಲ್ಲ ತೂಗಿ ತುಂಬುವ ಗಲಾಟೆಯಲ್ಲಿ ಒಂದೆರಡು ಅಚ್ಚು ಮರೆಯಾದರೆ ಯಾರು ಕೇಳುತ್ತಾರೆ? ಲೆಕ್ಕ ಸರಿಹೋಯಿತು. ಅನುಮಾನ ಹತ್ತಿದವರಿಗೆ ಲೆಕ್ಕ ಯಾವತ್ತೂ ಸರಿಯಾಗಿಯೇ ಬರುತ್ತದೆ.

ಅಂದಿನಿಂದ ಸೋಮಮ್ಮ ಹೆಂಡತಿಯಾಗುವುದನ್ನು ಬಿಟ್ಟು ಜಮಾದಾರಳಾದಳು. ಗಂಡ ಬಿಚ್ಚಿಟ್ಟ ಅಂಗಿ ಮೂಸುವಳು, ಟವೆಲು ಮೂಸುವಳು. ಅಟ್ಟ ಹತ್ತಿ ಬುಟ್ಟಿ ಮಗುಚುವಳು. ಹುಲ್ಲಿನ ಮೆದೆಗೆ ಕೋಲು ತೂರಿಸಿ ನೋಡುವಳು. ಹೊನ್ನಪ್ಪ ಮಾತಾಡಲು ಬಾಯಿ ತೆರೆದರೆ ಮಾತಿಗಿಂತ ಮೊದಲು ಬಾಯಿಯ ವಾಸನೆಗೆ ಮೂಗೊಡ್ಡುವಳು. ಅವನಿಗೂ ರೇಗುತ್ತಿತ್ತು.

"ಈ ಆಲು ಯಾಕೋ ಒಂಥರಾ ಐತೆ ಕಣಮ್ಮಿ," ಅಂದ ಒಂದು ದಿನ, ಹಾಲಿನ ಲೋಟ ಕೆಳಗಿಟ್ಟು.

"ಆಲು ಸರಿಯಾಗೈತೆ. ಕುಡ್ಯೋ ಬಾಯಿ ಸರಿಯಾಗಿರ್ಬೇಕು," ಅಂದಳು. ಅವನು ಎದ್ದು ಹೋದ.

ಇದರ ನಡುವೆ ಹಸು ಕೆಂದಿಗೆ ಬೇರೆ ಏನೋ ಆಗಿತ್ತು. ಒದೆಯುವ ಹಸು ಒದೆಯುವುದನ್ನು ಬಿಟ್ಟಿತ್ತು. ಅರೆಗಣ್ಣು ಮುಚ್ಚಿಕೊಂಡು ನಿಲ್ಲುತ್ತಿತ್ತು, ಬಾ ಅಂದರೆ ಬೇರೆ ಕಡೆ ಹೋಗುತ್ತಿತ್ತು. ಬೈರಮ್ಮನ ದೃಷ್ಟಿಯೇ ಇರಬೇಕೆಂದು ಸೋಮಮ್ಮ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಹಸು ಆಕಳಿಸಿತು.

ಒಂದು ಮಧ್ಯಾಹ್ನ ರಾಗಿ ಕಣಜಕ್ಕೆ ಕೈ ಇಳಿಸಿದಾಗ ಬಟ್ಟೆಯ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಹೊಸ ಬೆಲ್ಲದ ಅಚ್ಚುಗಳು. ಹಾಗಾದರೆ ನಿಜ. ಇಷ್ಟು ದಿನ ಎಲ್ಲೋ ಒಂದು ಮೂಲೆಯಲ್ಲಿ, ಅಲ್ಲದಿರಲಿ, ಅಲ್ಲದಿರಲಿ ಎಂದುಕೊಳ್ಳುತ್ತಿದ್ದಳು. ಅವಳು ಗಂಟನ್ನು ಮೊದಲಿದ್ದ ಹಾಗೆಯೇ ಕಟ್ಟಿ ಇಟ್ಟಳು. ಬೀಗಿತ್ತಿ ಬಂದು ಹೋಗಲಿ, ಮಗಳು ಬರುವುದು ಗೊತ್ತಾಗಲಿ, ಆಮೇಲೆ ಇವನಿಗಿದೆ ಎಂದುಕೊಂಡಳು.

ದೊಡ್ಡತಾಯಮ್ಮ ಬರುವ ದಿನ ಸೋಮಮ್ಮ ಬೆಳಕು ಹರಿಯುವಾಗಲೇ ಎದ್ದಳು. ವಾಸನೆ ಎದ್ದೀತೆಂಬ ಹೆದರಿಕೆಗೆ ಎಂದೂ ಇಲ್ಲದಷ್ಟು ದಪ್ಪಗೆ ಸಗಣಿ ಕಲೆಸಿ, ಪಡಸಾಲೆ, ನಡುಕೋಣೆ, ಹಿಂದಿನ ಕೋಣೆ, ಜಗಲಿ ಎಲ್ಲ ಸಾರಿಸಿದಳು. ಒಣಗಿದ ಮೇಲೆ ಇನ್ನೊಮ್ಮೆ ಸಾರಿಸಿದಳು. ಗಂಜಲ ಚಿಮುಕಿಸಿದಳು, ರಂಗೋಲಿ ಬಿಟ್ಟಳು. ಬಿಸಿಲೇರಿತು. ಬಿಸಿಲೇರಿದ ಹಾಗೆ ನೆಲದಿಂದ ವಾಸನೆ ಎದ್ದಿತು. ಸಾಂಬ್ರಾಣಿ ಹಾಕಿದರೆ ಅದರ ಜೊತೆ ಸೇರಿ ಇನ್ನೊಂದು ಬಗೆಯಾಯಿತು. ಅವಳು ಕಿಟಕಿ ಬಾಗಿಲು ತೆರೆದಿಟ್ಟು ಅಳುವಂತಾಗಿ ನಿಂತಿದ್ದಾಗ ಗಾಡಿ ಬಂದು ನಿಂತಿತು.

ದೊಡ್ಡತಾಯಮ್ಮ ಎತ್ತರದ ಹೆಂಗಸು. ದನ ಕರು ಕಟ್ಟಿ, ಹಾಲು ಮೊಸರು ಮಾರಿ, ಗಂಡನಿಲ್ಲದೆ ನಾಲ್ಕು ಮಕ್ಕಳನ್ನು ದಡ ಹತ್ತಿಸಿದವಳು. ಕಾಲು ತೊಳೆದು ಒಳಗೆ ಬಂದು, ಹಾಸಿದ ಚಾಪೆಯ ಮೇಲೆ ಕೂರದೆ ಪಡಸಾಲೆಯ ನಡುವೆ ನಿಂತಳು. ಮೂಗಿನ ಹೊಳ್ಳೆ ಅರಳಿತು. ನಡುಕೋಣೆಗೆ ಹೋಗಿ ಬಂದಳು. ಹಿಂದಿನ ಕೋಣೆಗೆ ಹೋಗಿ ಬಂದಳು. ಹೊನ್ನಪ್ಪ ಕಂಬಕ್ಕೆ ಒರಗಿ ನಿಂತಿದ್ದ.

"ಸೋಮಮ್ಮ, ಮನೆ ಕನ್ನಡಿ ಮಾಡಿದ್ದೀಯ ಕಣವ್ವ. ಸುಳ್ಳೇಳಾಕಿಲ್ಲ," ಅಂದಳು. "ಆದ್ರೆ ವಾಸ್ನೆ ಐತಲ್ಲ."

"ಅಳೇದು ಅಕ್ಕಾ, ಗೋಡೆಗೆ ಇಡಕೊಂಡಿರೋದು. ಓಯ್ತದೆ."

"ಅಳೇದಲ್ಲ ಇದು. ಅಸಿ ವಾಸ್ನೆ. ಇವತ್ತಿಂದು."

ಸೋಮಮ್ಮನೊಳಗೆ ಏನೋ ಕಿತ್ತುಹೋಯಿತು. ಮಾನ ಮುಚ್ಚಬೇಕು, ಬೀಗರೆದುರು ಗಂಡನನ್ನು ಬಿಟ್ಟುಕೊಡಬಾರದು ಅನ್ನುವುದೆಲ್ಲ ಮರೆತುಹೋಯಿತು. ಮಗಳ ಮುಖ ಒಂದೇ ಕಣ್ಣ ಮುಂದೆ. ಕಣಜಕ್ಕೆ ನುಗ್ಗಿ ಗಂಟು ತಂದು ಗಂಡನ ಕಾಲ ಬುಡಕ್ಕೆ ಎಸೆದಳು. ಬೆಲ್ಲದ ಅಚ್ಚುಗಳು ಉರುಳಿದವು.

"ಯೋಳು! ಇದ್ಯಾವುದು? ಕೊಳೆ ಎಲ್ಲಿ ಉಗಿದು ಮಡಗಿದ್ದೀಯ ಇನ್ನ? ಒಂದು ಕೂಸು ತಿಂದಿದ್ದು ಸಾಲ್ದಾ ನಿಂಗೆ?"

ಹೊನ್ನಪ್ಪನ ಮುಖ ಕಪ್ಪಾಯಿತು. "ಬಾಣಂತಿ ಖಾರಕ್ಕೆ ತಂದಿದ್ದು ಕಣಮ್ಮಿ. ಅಂದಾನಯ್ಯೋರ್ನೇ ಕೇಳು, ಕೂಲೀಲಿ ಮುರ್ಕಂಡವ್ರೆ. ನನ್ ಕೈಲಿ ಬೆಲ್ಲ ಕಂಡ್ರೆ ನೀನು ಇಂಗೇ ಅಂತೀಯ ಅಂತ ಕಣಜದಲ್ಲಿ ಮಡಗಿದ್ದೆ."

"ಅಂಗಾರೆ ಆಣೆ ಮಾಡು. ಮಗಳ ಒಟ್ಟೇಲಿರೋ ಕೂಸಿನ ಮ್ಯಾಲೆ ಆಣೆ ಮಾಡು, ಮನೇಲಿ ಏನೂ ಇಲ್ಲ ಅಂತ."

ಹೊನ್ನಪ್ಪ ಟವೆಲು ಹೆಗಲಿನಿಂದ ತೆಗೆದು ಕೈಗೆ ಸುತ್ತಿಕೊಂಡ.

"ಬೇರೆ ಏನ್ ಬೇಕಾರೂ ಕೇಳು. ನನ್ ಕಣ್ಮೇಲೆ ಮಾಡ್ತೀನಿ. ಆ ಕೂಸಿನ ಮ್ಯಾಲೆ ಮಾಡಾಕಿಲ್ಲ."

"ನೋಡ್ಕಳಿ ಅಕ್ಕಾ," ಅಂದಳು ಸೋಮಮ್ಮ. ಅವಳ ಧ್ವನಿಯೇ ಇಳಿದುಹೋಗಿತ್ತು. ಗೆದ್ದದ್ದಕ್ಕೆ ಇಷ್ಟು ಸಂಕಟವಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಇನ್ನು ಮಗಳು ಬರುವುದಿಲ್ಲ. ಅಲ್ಲೆಲ್ಲೋ, ಅವ್ವಾ ಎಂದು ಕೂಗುತ್ತಾ ನೋವು ತಿನ್ನುತ್ತಾಳೆ.

ದೊಡ್ಡತಾಯಮ್ಮ ಹೊನ್ನಪ್ಪನನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಚೀಲ ಎತ್ತಿಕೊಂಡಳು.

"ಬರೀ ಬಾಯಲ್ಲಿ ಓಗ್ಬ್ಯಾಡಿ ಅಕ್ಕಾ, ಇಷ್ಟು ಆಲಾರ ಕುಡೀರಿ," ಎಂದು ಸೋಮಮ್ಮ ಕಣ್ಣೊರೆಸಿಕೊಂಡು ಬಿಸಿ ಹಾಲಿನ ಲೋಟ ತಂದಳು. ಬೀಗರು ಹಾಗೆಯೇ ಹೋದರೆ ಆಮೇಲೆ ಈ ಮನೆಗೂ ಆ ಮನೆಗೂ ಏನೂ ಉಳಿಯುವುದಿಲ್ಲ. ದೊಡ್ಡತಾಯಮ್ಮ ಲೋಟ ತುಟಿಯ ಹತ್ತಿರ ತಂದವಳು ನಿಲ್ಲಿಸಿದಳು. ಮೂಸಿದಳು. ಮತ್ತೆ ಮೂಸಿದಳು.

"ಈ ಆಲು ಯಾವತ್ತಿಂದು?"

"ಈಗ್ತಾನೆ ಕರೆದಿದ್ದು."

"ನಿಮ್ಮ ಅಸ ಎಲ್ಲೈತೆ? ನಡಿ, ನೋಡಾನ."

ಕೊಟ್ಟಿಗೆಯಲ್ಲಿ ಹಗ್ಗವಿತ್ತು, ಹಸುವಿರಲಿಲ್ಲ. ಗೂಟ ಸಡಿಲವಾಗಿತ್ತು. ಹಿಂದೆ ಹೋಗಿ ನೋಡಿದರೆ ಕೆಂದಿ ತಿಪ್ಪೆಯ ಹುಲ್ಲನ್ನು ಕೊಂಬಿನಿಂದ ಸರಿಸಿ, ತಾನೇ ಮಾಡಿಕೊಂಡ ಗುಂಡಿಯೊಳಗೆ ಕಿವಿವರೆಗೂ ಮುಖ ತೂರಿಸಿ ನಿಂತಿತ್ತು. ಇವರ ಸದ್ದಿಗೆ ತಲೆ ಎತ್ತಿತು. ಮೂತಿಯ ತುಂಬ ಕೆಸರು, ಜಾಲಿ ಚಕ್ಕೆಯ ಚೂರು. ಎರಡು ಹೆಜ್ಜೆ ಇಟ್ಟು, ಮೂರನೆಯದನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತು, ಬಾಲ ಎತ್ತಿ ಸಗಣಿ ಹಾಕಿತು.

ದೊಡ್ಡತಾಯಮ್ಮ ಬಗ್ಗಿ ಒಂದು ಹಿಡಿ ತೆಗೆದು ಮೂಸಿ, ಅದೇ ಕೈಯನ್ನು ಸೋಮಮ್ಮನ ಮುಖದ ಹತ್ತಿರ ಹಿಡಿದಳು. ಹುಳಿ, ಸಿಹಿ. ಬೆಳಿಗ್ಗೆಯಿಂದ ತಾನು ಎರಡೆರಡು ಸಲ ಮನೆಗೆಲ್ಲ ಮೆತ್ತಿದ್ದು ಏನೆಂದು ಸೋಮಮ್ಮನಿಗೆ ಗೊತ್ತಾಯಿತು. ಪ್ರತಿ ಸೋಮವಾರ, ಪ್ರತಿ ಶುಕ್ರವಾರ, ತನ್ನದೇ ಕೈಯಿಂದ. ಸಗಣಿ ಕಲೆಸುವಾಗ ಅವಳು ಒಂದು ದಿನವೂ ಅದನ್ನು ಮೂಸಿರಲಿಲ್ಲ. ಸಗಣಿಯನ್ನು ಯಾರಾದರೂ ಅನುಮಾನಿಸುತ್ತಾರೆಯೇ?

"ಕೊಳೆ ಇಲ್ಲಿಗೆ ಸುರಿದೋರ್ಯಾರು?" ಅಂದಳು ದೊಡ್ಡತಾಯಮ್ಮ, ಹೊನ್ನಪ್ಪನ ಕಡೆ ತಿರುಗಿ.

"ನಾನು," ಅಂದಳು ಸೋಮಮ್ಮ. "ಹಿಂದ್ಗಡೆ ಕೋಣೇಲಿ ಎರಡು ಗುಡಾಣ ಸಿಕ್ಕಿದ್ವು. ಇವ್ರಿಗೆ ಗೊತ್ತಾಗ್ಬಾರ್ದು ಅಂತ ನಾನೇ ಸುರಿದು ಹುಲ್ಲು ಮುಚ್ಚಿದ್ದೆ. ಇವ್ರು ಏನೂ ಮಾಡಿಲ್ಲ ಅಕ್ಕಾ."

ದೊಡ್ಡತಾಯಮ್ಮನಿಗೆ ಮೊದಲು ತುಟಿ ಅಲುಗಿತು, ಆಮೇಲೆ ಹೊಟ್ಟೆ ಅಲುಗಿತು. ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು, ಸಗಣಿ ಕೈಯನ್ನು ದೂರ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಅಯ್ಯೋ ನನ್ನವ್ವ, ಗಂಡ ಇಳ್ಸೋದು ಬುಟ್ರೆ ಅಸೀಗೆ ಕುಡ್ಯೋದು ಕಲಿಸಿದ್ದೀಯಲ್ಲ!" ನಗು ನಿಂತ ಮೇಲೆ ಕೈ ತೊಳೆದುಕೊಂಡು ಅಂದಳು: "ಈ ತಿಪ್ಪೆ ಇವತ್ತೇ ತೆಗ್ಸು. ಈ ಅಸೀನ ಸಗಣಿ ಮುಟ್ಬ್ಯಾಡ, ಎದ್ರುಮನೇದು ಈಸ್ಕೊ. ಬರೋ ಶುಕ್ರವಾರ ಇಂದ್ರನ ಕಳಿಸ್ತೀನಿ."

ಸೋಮಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು.

"ಅಸ ಸಿಕ್ಕಿದ್ದಕ್ಕಲ್ಲ ಕಣವ್ವ ಕಳಿಸ್ತಿರೋದು," ಅಂದಳು ದೊಡ್ಡತಾಯಮ್ಮ ಗಾಡಿ ಹತ್ತುತ್ತಾ. "ಸುಳ್ಳು ಯೋಳೋ ಗಂಡ್ಸಾದ್ರೆ ತಟ್ನೆ ಆಣೆ ಮಾಡ್ಬುಡ್ತಿದ್ದ. ಮಗಳ ಒಟ್ಟೆ ಮ್ಯಾಲೆ ಮಾಡಾಕಿಲ್ಲ ಅಂದ್ನಲ್ಲ, ಆಗ್ಲೇ ಅಂದ್ಕಂಡೆ, ಈ ಮನೇಲಿ ನನ್ ಸೊಸೆ ಇರ್ಬೋದು ಅಂತ."

ಗಾಡಿ ತಿರುವು ದಾಟಿತು. ಸೋಮಮ್ಮ ಹಿತ್ತಿಲಿಗೆ ಬಂದಾಗ ಹೊನ್ನಪ್ಪ ಆಗಲೇ ಗುದ್ದಲಿ ಹಿಡಿದು ತಿಪ್ಪೆ ಎಳೆಯುತ್ತಿದ್ದ. ಅವಳು ಬುಟ್ಟಿ ತಂದು ಪಕ್ಕದಲ್ಲಿ ನಿಂತಳು. ತಪ್ಪಾಯಿತು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಯಿಗೆ ಬಂದದ್ದು ಬೇರೆ.

"ಏನೂ ಮಾಡ್ದೋನು ನೀನು. ಆಣೆ ಮಾಡ್ಬುಟ್ಟಿದ್ರೆ ನಾನು ಸುಮ್ಕಾಯ್ತಿದ್ನಲ್ಲ. ಯಾಕ್ ಮಾಡ್ಲಿಲ್ಲ?"

ಹೊನ್ನಪ್ಪ ಗುದ್ದಲಿ ಊರಿ ನಿಂತ. ಅವಳ ಮುಖ ನೋಡಲಿಲ್ಲ.

"ಒಂದ್ಸಲ ಮಾಡಿದ್ದೆ ಕಣಮ್ಮಿ."

"ಯಾವತ್ತು?"

"ಇಂದ್ರ ಮೊದಲ್ನೇ ಸಲ ಬಂದಿದ್ದಾಗ. ಒಲೆ ಅಚ್ಬ್ಯಾಡ ಅಂತ ನೀನಂದೆ, ನಾನು ಅಚ್ಚಲಿಲ್ಲ. ಆದ್ರೆ ಗುಡಾಣ ತುಂಬಿದ್ವು. ಹಿಂದ್ಗಡೆ ಕೋಣೇಲಿದ್ರೆ ನೀನು ಕಂಡುಡಿತೀಯ ಅಂತ, ಅವಳು ಬರೋ ಮುಂಚೆನೇ ನಡುಕೋಣೇಲಿ ನೆಲ ಅಗ್ದು ಉಗಿದ್ಬುಟ್ಟಿದ್ದೆ. ಅವಳ ಮಂಚದ ಕೆಳ್ಗೇ."

ಸೋಮಮ್ಮನ ಕೈಯ ಬುಟ್ಟಿ ಕೆಳಗೆ ಬಿತ್ತು.

"ಅಪ್ಪಾ, ನೆಲದಿಂದ ಏನೋ ಬತ್ತದೆ, ಉಸ್ರು ಕಟ್ತದೆ ಅಂದ್ಲು. ಏನೂ ಇಲ್ಲ ಮಗಾ ಅಂದೆ. ನಂಬ್ಲಿಲ್ಲ. ಅವಳ ಒಟ್ಟೆ ಮ್ಯಾಲೆ ಕೈಯಿಟ್ಟು, ಈ ಕೂಸಿನಾಣೆಗೂ ಏನೂ ಇಲ್ಲ ಅಂದೆ. ನಕ್ಬುಟ್ಟು ಮನಿಕ್ಕಂಡ್ಲು." ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ಜೈಲಿಂದ ಬಂದ ಮಾರನೇ ದಿನ, ನೀನು ಗದ್ದೆಗೆ ಓಗಿದ್ದಾಗ ಅಗ್ದು ತಗ್ದು ಕಾಲುವೆಗೆ ಸುರಿದೆ. ಆವತ್ತಿಂದ ಮುಟ್ಟಿಲ್ಲ. ಹಿಂದ್ಗಡೆ ಕೋಣೇಲಿ ಎರಡು ಉಳ್ದಿದ್ದು, ನೀನು ಅಗೆದ ಗುಂಡಿ ಕಂಡಾಗ್ಲೇ ನೆಪ್ಪಾಗಿದ್ದು. ಇನ್ನೊಂದ್ಸಲ ಅಂಥ ಆಣೆ ನನ್ ಬಾಯಲ್ಲಿ ಬರಾಕಿಲ್ಲ."

ಆ ದಿನಗಳಲ್ಲಿ ವಾಸನೆ ಅವಳಿಗೂ ಬಂದಿತ್ತು. ಹಳೆಯದಿರಬೇಕು ಎಂದುಕೊಂಡು, ಮಗಳಿಗೂ ಅದನ್ನೇ ಹೇಳಿ, ಮೆಣಸಿನ ಸಾರು ಕಾಯಿಸಲು ಹೋಗಿದ್ದಳು. ಇಷ್ಟು ದಿನ ಗಂಡನ ಅಂಗಿ, ಟವೆಲು, ಬಾಯಿ ಎಲ್ಲವನ್ನೂ ಮೂಸಿದವಳು, ಮೂಸಬೇಕಿದ್ದ ದಿನ ಮುಖ ತಿರುಗಿಸಿಕೊಂಡಿದ್ದಳು. ಅವನನ್ನು ಬೈಯಬೇಕೆಂದುಕೊಂಡಳು, ಹೊಡೆಯಬೇಕೆಂದುಕೊಂಡಳು. ತಿಪ್ಪೆಯ ಅಂಚಿನಲ್ಲಿ ಕುಕ್ಕರಿಸಿ ಕೂತು ಅತ್ತಳು. ಅವನು ಹತ್ತಿರ ಬರಲಿಲ್ಲ, ದೂರವೂ ಹೋಗಲಿಲ್ಲ.

ಬಿಸಿಲು ಜಾರುವ ಹೊತ್ತಿಗೆ ಅವಳು ಎದ್ದಳು.

"ಇಂದ್ರಂಗೆ ಗೊತ್ತಾ?"

"ಇಲ್ಲ."

"ಕೂಸು ಕೈಗತ್ತಲಿ. ಬಾಣಂತನ ಮುಗೀಲಿ. ಆಮ್ಯಾಕೆ ನೀನೇ ಯೋಳ್ಬೇಕು ಅವಳ್ಗೆ. ನಾನು ಯೋಳಾಕಿಲ್ಲ."

"ಯೋಳ್ತೀನಿ," ಅಂದ ಹೊನ್ನಪ್ಪ.

ಸೋಮಮ್ಮ ಆಣೆ ಕೇಳಲಿಲ್ಲ. ಒಳಗೆ ಹೋಗಿ ನಡುಕೋಣೆಯ ಮಂಚವನ್ನು ಒಂದು ಕಡೆಯಿಂದ ಎತ್ತಿ ಹಿಡಿದು, ಇನ್ನೊಂದು ಕಡೆ ಹಿಡಿಯಲು ಅವನನ್ನು ಕೂಗಿದಳು. ಮಂಚ ಹೊರಗೆ ಬಂತು. ಆ ಕೋಣೆಯ ನೆಲದ ಹಳೆಯ ಮಣ್ಣನ್ನು ಇನ್ನೂ ಯಾರೂ ಹೊರಗೆ ಹಾಕಿರಲಿಲ್ಲ.